ವಸತಿ ಶಾಲೆಯ ಶುಲ್ಕ ಕಟ್ಟಬೇಕಾದವರು ಯಾರು?

ಮಗುವಿಗೆ ಕಲಿಕಾ ನ್ಯೂನತೆ ಇದೆ, ಏಕಾಗ್ರತೆ ನಿಲ್ಲುವುದಿಲ್ಲ, ಊರಿನ ಸರ್ಕಾರಿ ಶಾಲೆಯಲ್ಲಿ ಅದಕ್ಕೆ ತಕ್ಕ ಪಾಠ ಸಿಗುತ್ತಿಲ್ಲ. ತಂದೆತಾಯಿ ಮಗುವನ್ನು ದೂರದ ಖಾಸಗಿ ವಸತಿ ಶಾಲೆಗೆ ಸೇರಿಸುತ್ತಾರೆ. ಆ ಶುಲ್ಕ ಯಾರ ಹೊರೆ? ಅಮೆರಿಕದ ನ್ಯಾಯಾಲಯಗಳು ನಾಲ್ಕು ದಶಕಗಳಿಂದ ಈ ಪ್ರಶ್ನೆಯನ್ನು ಬಿಡಿಸುತ್ತಲೇ ಇವೆ.

ಇಂಥ ಶಾಲೆಗಳು ಕಾನೂನಿಗಿಂತ ಹಳೆಯವು. ಓದು ಹತ್ತದ ಮಕ್ಕಳ ಬಗ್ಗೆ ವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಅಧ್ಯಯನ ನಡೆಸುತ್ತಿದ್ದ ಕಾಲದಲ್ಲೇ, 1926ರಲ್ಲಿ, ನ್ಯೂಯಾರ್ಕ್ ರಾಜ್ಯದ ಸೌತ್ ವೇಲ್ಸ್‌ನಲ್ಲಿ ಗೌ ಶಾಲೆ ಆರಂಭವಾಯಿತು. ‘ಕಲಿಕಾ ನ್ಯೂನತೆ’ ಎಂಬ ಹೆಸರು ಚಾಲ್ತಿಗೆ ಬಂದದ್ದು 1963ರ ನಂತರ. ಅಮೆರಿಕದ 1975ರ ಕಾಯ್ದೆ ಪ್ರತಿ ವಿಕಲಚೇತನ ಮಗುವಿಗೂ ಉಚಿತವಾದ, ತಕ್ಕುದಾದ ಶಿಕ್ಷಣದ ಹಕ್ಕು ಕೊಟ್ಟಿತು. ಹೆಚ್ಚುವರಿ ವೆಚ್ಚಕ್ಕಾಗಿ ಅಲ್ಲಿನ ಕೇಂದ್ರ ಸರ್ಕಾರ, ದೇಶದಲ್ಲಿ ಒಬ್ಬ ವಿದ್ಯಾರ್ಥಿಗೆ ತಗಲುವ ಸರಾಸರಿ ವೆಚ್ಚದ ಶೇ 40ರವರೆಗೆ ಕೊಡುವ ಗುರಿಯೂ ಅದರಲ್ಲಿತ್ತು. ಆ ಗುರಿ ಇಂದಿಗೂ ಮುಟ್ಟಿಲ್ಲ. ಉಳಿದ ಭಾರ ರಾಜ್ಯಗಳ ಮೇಲೆ, ಸ್ಥಳೀಯ ತೆರಿಗೆಯನ್ನು ನೆಚ್ಚಿದ ಶಾಲಾ ಮಂಡಳಿಗಳ ಮೇಲೆ ಬಿತ್ತು. ಮುಂದಿನ ಜಗಳಗಳ ಬೇರು ಇಲ್ಲಿದೆ ಎಂದು ನನಗನ್ನಿಸುತ್ತದೆ.

ಏಕಾಗ್ರತೆಯ ತೊಂದರೆಯ ದಾರಿ ಇನ್ನೂ ನಿಧಾನದ್ದು. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇರುವ ಮಗುವೂ ವಿಶೇಷ ಶಿಕ್ಷಣಕ್ಕೆ ಅರ್ಹವಾಗಬಹುದು ಎಂದು ಅಮೆರಿಕದ ಶಿಕ್ಷಣ ಇಲಾಖೆ ಸ್ಪಷ್ಟಪಡಿಸಿದ್ದು 1991ರಲ್ಲಿ. ನಿಯಮಾವಳಿಯಲ್ಲಿ ಹೆಸರು ಸೇರಿದ್ದು 1999ರಲ್ಲಿ. (ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲೂ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿಯ ಹೆಸರಿಲ್ಲ.)

ಸರ್ಕಾರಿ ಶಾಲೆಯ ಯೋಜನೆ ಸಾಲದೆ ಹೋಗಿ, ಖಾಸಗಿ ಶಾಲೆ ತಕ್ಕುದಾಗಿದ್ದರೆ ಪೋಷಕರು ಕಟ್ಟಿದ ಶುಲ್ಕವನ್ನು ಮರಳಿ ಕೊಡಿಸಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1985ರ ಬರ್ಲಿಂಗ್‌ಟನ್ ಪ್ರಕರಣದಲ್ಲಿ ಹೇಳಿತು. 1993ರಲ್ಲಿ ಕಾರ್ಟರ್ ಪ್ರಕರಣದಲ್ಲಿ, ಆ ಶಾಲೆಗೆ ರಾಜ್ಯದ ಮಾನ್ಯತೆ ಇಲ್ಲದಿದ್ದರೂ ಅಡ್ಡಿಯಿಲ್ಲ ಎಂದಿತು. 1975ರ ಕಾಯ್ದೆಗೆ 1997ರಲ್ಲಿ ಬಂದ ತಿದ್ದುಪಡಿ ಮತ್ತೆ ಗಂಟು ಹಾಕಿತು. ‘ಹಿಂದೆ ವಿಶೇಷ ಶಿಕ್ಷಣ ಪಡೆದಿದ್ದ’ ಮಗುವಿನ ಶುಲ್ಕ ಮರಳಿಸಬಹುದು ಎಂದು ಅದರಲ್ಲಿ ಬರೆದಿತ್ತು. ಹಾಗಾದರೆ, ಶಾಲೆಯೇ ತೊಂದರೆಯನ್ನು ಗುರುತಿಸದೆ ಬಿಟ್ಟ ಮಗುವಿನ ಗತಿ?

ಆ ಪ್ರಶ್ನೆ ಬಂದದ್ದು ಆರೆಗಾನ್ ರಾಜ್ಯದ ಫಾರೆಸ್ಟ್ ಗ್ರೋವ್‌ನಿಂದ. ದಾಖಲೆಗಳಲ್ಲಿ ‘ಟಿ.ಎ.’ ಎಂದಷ್ಟೇ ಇರುವ ಹುಡುಗ ಶಿಶುವಿಹಾರದಿಂದ ಹನ್ನೊಂದನೆಯ ತರಗತಿಯ ಚಳಿಗಾಲದವರೆಗೆ ಅಲ್ಲಿನ ಸರ್ಕಾರಿ ಶಾಲೆಗಳಲ್ಲೇ ಓದಿದ. ಗಮನ ನಿಲ್ಲುವುದಿಲ್ಲ, ಕೊಟ್ಟ ಕೆಲಸ ಮುಗಿಯುವುದಿಲ್ಲ ಎಂಬುದು ಮೊದಲಿನಿಂದಲೂ ಶಿಕ್ಷಕರ ಕಣ್ಣಿಗೆ ಬಿದ್ದಿತ್ತು. ನಮ್ಮ ಮನೆಗಳಲ್ಲಿ ‘ಬುದ್ಧಿ ಇದೆ, ಗಮನ ಇಲ್ಲ’ ಎನ್ನುತ್ತೇವಲ್ಲ, ಅಂಥ ಹುಡುಗ. 2001ರಲ್ಲಿ ಶಾಲೆ ಪರೀಕ್ಷಿಸಿ, ವಿಶೇಷ ಶಿಕ್ಷಣಕ್ಕೆ ಅರ್ಹನಲ್ಲ ಎಂದಿತು. ಎಡಿಎಚ್‌ಡಿಯ ಅನುಮಾನ ಟಿಪ್ಪಣಿಗಳಲ್ಲಿತ್ತು. ಅದರ ಪರೀಕ್ಷೆ ಮಾತ್ರ ನಡೆಯಲಿಲ್ಲ. ಮನೆಯವರು ಪಕ್ಕದಲ್ಲಿ ಕುಳಿತು ಓದಿಸಿ ಹತ್ತನೆಯ ತರಗತಿ ದಾಟಿಸಿದರು. 2003ರಲ್ಲಿ ಖಾಸಗಿ ತಜ್ಞರು ಎಡಿಎಚ್‌ಡಿ ಮತ್ತು ಕಲಿಕಾ ನ್ಯೂನತೆ ಎರಡೂ ಇವೆ ಎಂದು ಹೇಳಿ, ವಸತಿ ಶಾಲೆಯ ಸಲಹೆ ಕೊಟ್ಟರು. ಮನೆಯವರು ಅವನನ್ನು ತಿಂಗಳಿಗೆ 5,200 ಡಾಲರ್ ಶುಲ್ಕದ ಅಂಥ ಶಾಲೆಗೆ ಸೇರಿಸಿ, ಆ ಹಣವನ್ನು ಮರಳಿ ಕೇಳಿದರು.

2009ರ ಜೂನ್ 22ರಂದು ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ತೀರ್ಪಿತ್ತಿತು: ಹಿಂದೆ ವಿಶೇಷ ಶಿಕ್ಷಣ ಸಿಗದಿದ್ದ ಮಾತ್ರಕ್ಕೆ ಶುಲ್ಕ ಮರಳಿ ಪಡೆಯುವ ಬಾಗಿಲು ಮುಚ್ಚುವುದಿಲ್ಲ. ಹುಡುಗನ ತೊಂದರೆಯನ್ನು ಗುರುತಿಸದೇ ಇದ್ದ ಸಂಗತಿಯೇ ಶಾಲೆಯ ಪರವಾದ ವಾದವಾಗಲಾರದು ಎಂಬ ಈ ನಿಲುವು ನ್ಯಾಯವಾದದ್ದು.

ಆದರೆ ಆ ಕುಟುಂಬಕ್ಕೆ ಹಣ ಸಿಗಲಿಲ್ಲ. ಪ್ರಕರಣ ಕೆಳಗಿನ ನ್ಯಾಯಾಲಯಕ್ಕೆ ಮರಳಿದಾಗ, ಮಗನನ್ನು ಅಲ್ಲಿಗೆ ಸೇರಿಸಿದ್ದು ಮಾದಕ ವಸ್ತು ಮತ್ತು ನಡವಳಿಕೆಯ ಸಮಸ್ಯೆಗಾಗಿಯೇ ಹೊರತು ಕಲಿಕೆಗಾಗಿ ಅಲ್ಲ ಎಂಬ ತೀರ್ಮಾನ ಬಂತು. 2011ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ವರ್ಷಗಟ್ಟಲೆ ನೆರವಿಲ್ಲದೆ ಸೋತ ಹದಿಹರೆಯದವನಲ್ಲಿ ಕಲಿಕೆಯ ಸೋಲು ಎಲ್ಲಿ ಮುಗಿದು, ನಡವಳಿಕೆಯ ತೊಂದರೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ನನಗಂತೂ ಸುಲಭವಾಗಿ ಕಾಣುವುದಿಲ್ಲ. ಅಷ್ಟರಲ್ಲಿ ಆ ವಸತಿ ಶಾಲೆಯೂ ಮುಚ್ಚಿತ್ತು.

ಇಂದಿಗೂ ಪೋಷಕರು ಮೊದಲು ತಾವೇ ಶುಲ್ಕ ಕಟ್ಟಬೇಕು. ಮಗುವನ್ನು ಬಿಡಿಸುವ 10 ಕೆಲಸದ ದಿನಗಳ ಮುಂಚೆ ಶಾಲೆಗೆ ಲಿಖಿತವಾಗಿ ತಿಳಿಸದಿದ್ದರೆ, ಮರಳಿ ಬರಬೇಕಾದ ಮೊತ್ತ ಕಡಿಮೆಯಾಗಬಹುದು, ಪೂರ್ತಿ ತಪ್ಪಿಯೂ ಹೋಗಬಹುದು. ತಿಂಗಳಿಗೆ 5,200 ಡಾಲರ್ ಮುಂಗಡವಾಗಿ ಕಟ್ಟಲಾಗದ ಮನೆಯ ಮಗು ಈ ವ್ಯಾಜ್ಯದ ಮೊದಲ ಮೆಟ್ಟಿಲನ್ನೂ ಹತ್ತುವುದಿಲ್ಲ.