ಐದು ಪ್ರತಿ, ಎರಡೇ ಸಾಕ್ಷಿ

ಪಿಎಚ್.ಡಿ. ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ನೋಡುವ ಸಮಿತಿಗಳಲ್ಲಿ ವಿಭಾಗ ಯಾವುದೇ ಇರಲಿ, ‘ಸ್ಯಾಂಪಲ್ ಎಷ್ಟು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ವಾಣಿಜ್ಯಶಾಸ್ತ್ರದವರು ನಾನೂರು ಎನ್ನುತ್ತಾರೆ. ಕೃಷಿಯವರು ನಾಲ್ಕು ಪುನರಾವರ್ತನೆ, ಕನ್ನಡದವರು ಐದು ಓಲೆಪ್ರತಿ ಎನ್ನುತ್ತಾರೆ. ಗಣಿತದ ವಿದ್ಯಾರ್ಥಿಗೆ ಏನು ಹೇಳಬೇಕೆಂದೇ ತಿಳಿಯುವುದಿಲ್ಲ. ಹೊರವಿಭಾಗದಿಂದ ಬಂದ ಸದಸ್ಯರು ನಾನೂರಕ್ಕೆ ತಲೆದೂಗಿ, ನಾಲ್ಕಕ್ಕೆ ಹುಬ್ಬೇರಿಸುತ್ತಾರೆ. ಆದರೆ ಆ ನಾಲ್ಕು ಗಟ್ಟಿಯಾಗಿದ್ದು ನಾನೂರೇ ಪೊಳ್ಳಾಗಿರುವುದು ಅಪರೂಪವೇನಲ್ಲ. ಕೇಳಬೇಕಾದದ್ದು ಬೇರೆ: ಇವುಗಳಲ್ಲಿ ಒಂದನ್ನೊಂದು ಆಶ್ರಯಿಸದ ಸಾಕ್ಷಿಗಳು ಎಷ್ಟು?

ಮೊದಲು ರಾಗಿ ಹೊಲಕ್ಕೆ ಹೋಗೋಣ. ಗೊಬ್ಬರ ಹಾಕುವ ಐದು ಬಗೆ (ಇವೇ ‘ಉಪಚಾರ’), ಪ್ರತಿಯೊಂದಕ್ಕೂ ನಾಲ್ಕು ಪುನರಾವರ್ತನೆ ಎಂದರೆ ಇಪ್ಪತ್ತು ತಾಕು, ಅಂದರೆ ಹೊಲದ ಇಪ್ಪತ್ತು ತುಂಡು. ಹೊಲವನ್ನು ನಾಲ್ಕು ಬ್ಲಾಕು ಮಾಡಿ ಪ್ರತಿ ಬ್ಲಾಕಿನಲ್ಲೂ ಐದು ಉಪಚಾರಗಳನ್ನು ಚೀಟಿ ಎತ್ತಿ ಹಂಚುವ ಯಾದೃಚ್ಛಿಕ ಬ್ಲಾಕ್ ವಿನ್ಯಾಸದಲ್ಲಿ ದೋಷದ ಸ್ವಾತಂತ್ರ್ಯಾಂಕ, ಅಂದರೆ ಆಕಸ್ಮಿಕ ಏರುಪೇರನ್ನು ಅಂದಾಜಿಸಲು ಸಿಗುವ ಸ್ವತಂತ್ರ ಮಾಹಿತಿಯ ಎಣಿಕೆ, (5–1)×(4–1) = 12. ಇದಕ್ಕಿಂತ ಕೆಳಗಿಳಿದರೆ ಉಪಚಾರಗಳ ನಡುವಿನ ವ್ಯತ್ಯಾಸ ನಿಜವೇ ಎಂದು ನೋಡುವ ಎಫ್ ಪರೀಕ್ಷೆ ಮಂಕಾಗಿ, ಇರುವ ವ್ಯತ್ಯಾಸವೂ ಕಾಣದೆ ಹೋಗುತ್ತದೆ. ಆದ್ದರಿಂದಲೇ 12 ಇರಲಿ ಎಂಬ ರೂಢಿ. ಬ್ಲಾಕುಗಳನ್ನು ಇಳಿಜಾರಿಗೆ ಅಡ್ಡಲಾಗಿ ಹಾಕಬೇಕು, ಒಂದು ಬ್ಲಾಕಿನ ಐದೂ ತಾಕುಗಳು ಒಂದೇ ಮಟ್ಟದಲ್ಲಿರಬೇಕು. ಹಾಗೆ ಮಾಡದಿದ್ದರೆ ಕೆಳಗಿನ ತಾಕಿಗೆ ಹರಿದುಬಂದ ಫಲವತ್ತಾದ ಮಣ್ಣಿನ ಪುಣ್ಯವೆಲ್ಲ ಗೊಬ್ಬರದ ಲೆಕ್ಕಕ್ಕೆ ಸೇರುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದವರೂ ಎಡವುವುದು ವಿಶ್ಲೇಷಣೆಯಲ್ಲಿ. ತಾಕಿಗೆ ಹತ್ತು ತೆನೆ ಕಿತ್ತು ತೂಗಿ, ಇನ್ನೂರು ಅಂಕಿಗಳನ್ನು ಹಾಗೇ ಸಾಫ್ಟ್‌ವೇರಿಗೆ ತುಂಬುತ್ತಾರೆ. ದೋಷದ ಸ್ವಾತಂತ್ರ್ಯಾಂಕ ಹನ್ನೆರಡರಿಂದ ನೂರೆಂಬತ್ತರ ಮೇಲಕ್ಕೆ ಜಿಗಿಯುತ್ತದೆ, ಎಲ್ಲ ಉಪಚಾರಕ್ಕೂ ‘ವ್ಯತ್ಯಾಸ ಗಣನೀಯ’ ಎನ್ನುವ ನಕ್ಷತ್ರ ಚಿಹ್ನೆ ಬೀಳುತ್ತದೆ. ಆದರೆ ಗೊಬ್ಬರ ಹಾಕಿದ್ದು ತಾಕಿಗೆ, ತೆನೆಗಲ್ಲ. ಒಂದೇ ತಾಕಿನ ಹತ್ತು ತೆನೆ ಒಂದೇ ಮಣ್ಣು, ಒಂದೇ ತೇವ ಉಂಡವು. ಹತ್ತರ ಸರಾಸರಿ ತೆಗೆದು ತಾಕಿಗೆ ಒಂದೇ ಅಂಕಿ ಕೊಡಬೇಕು.

ಮಳೆಯಾಶ್ರಿತ ರಾಗಿಗೆ ವರ್ಷಕ್ಕೊಂದೇ ಮುಂಗಾರು ಎಂಬುದೂ ನೆನಪಿರಲಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಕೋರ್ಸ್‌ವರ್ಕ್ ಸೇರಿ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ. ಮೊದಲ ವರ್ಷ ತರಗತಿ, ಸಿನಾಪ್ಸಿಸ್‌ನಲ್ಲೇ ಕಳೆದರೆ ಕೈಗೆ ಸಿಗುವುದು ಎರಡು ಹಂಗಾಮು. ಅದರಲ್ಲೊಂದು ಬರ ಬಂದರೆ ಉಳಿಯುವುದು ಒಂದು. ಒಂದೇ ಹಂಗಾಮಿನ ಪ್ರಬಂಧ ಹೇಳುವುದು ಆ ವರ್ಷದ ಮಳೆಯ ಕಥೆ. ಅದೇ ವರ್ಷ ಮಂಡ್ಯದಲ್ಲೂ ಬೆಂಗಳೂರಿನಲ್ಲೂ ಬಿತ್ತಿದರೆ ಸ್ಥಳದ ವ್ಯತ್ಯಾಸ ತಿಳಿಯುತ್ತದೆಯೇ ಹೊರತು ವರ್ಷದ್ದಲ್ಲ. ರಸಾಯನಶಾಸ್ತ್ರದ ಗೆಳೆಯ ಎರಡೂವರೆ ವರ್ಷಕ್ಕೆ ನಾಲ್ಕು ಲೇಖನ ಪ್ರಕಟಿಸಿದನೆಂದು ಕೃಷಿ ವಿದ್ಯಾರ್ಥಿಯನ್ನು ಕುಟುಕುವ ಮಾರ್ಗದರ್ಶಕರು ಈ ಲೆಕ್ಕ ಹಾಕುವುದೇ ಇಲ್ಲ.

ಜೀವಕೋಶ ಪ್ರಯೋಗಾಲಯದಲ್ಲೂ ಇದೇ ತಪ್ಪು ಬೇರೆ ವೇಷದಲ್ಲಿ ಬರುತ್ತದೆ. ಒಂದೇ ಫ್ಲಾಸ್ಕಿನ ಕೋಶಗಳನ್ನು ಒಂದೇ ದಿನ ತಟ್ಟೆಯ ಮೂರು ಗುಳಿಗಳಲ್ಲಿ ಹಾಕಿ ‘n = 3’ (ಸ್ಯಾಂಪಲ್ ಮೂರು) ಎಂದು ಬರೆದರೆ, ಅಳೆದದ್ದು ಪಿಪೆಟ್ ಹಿಡಿದ ಕೈ ಎಷ್ಟು ಸ್ಥಿರ ಎಂಬುದನ್ನಷ್ಟೇ. ಬೇರೆ ಬೇರೆ ದಿನ, ಬೇರೆ ಬೇರೆಯಾಗಿ ಬೆಳೆಸಿದ ಕೋಶಗಳಲ್ಲಿ ಮೂರು ಸಲ ಮಾಡಿದರೆ ಆಗ ಮೂರು.

ಇನ್ನು ವಾಣಿಜ್ಯಶಾಸ್ತ್ರದವರ ನಾನೂರರ ವಿಚಾರ. ಈ ಸಂಖ್ಯೆಯ ಮೂಲ 384. ಶೇ. 95 ವಿಶ್ವಾಸ ಮಟ್ಟ, ಶೇ. 5 ದೋಷಮಿತಿ, ಅನುಪಾತ 0.5 ಎಂದು ಹಿಡಿದರೆ 1.96×1.96×0.25 ಅನ್ನು (1.96 ಆ ವಿಶ್ವಾಸ ಮಟ್ಟದ ಅಂಕಿ) 0.0025ರಿಂದ ಭಾಗಿಸಿದಾಗ ಬರುವುದು ಅದು. ಸೂತ್ರ ನಿಲ್ಲುವುದು ಇಡೀ ಪಟ್ಟಿಯಿಂದ ಚೀಟಿ ಎತ್ತಿದಂತೆ ಜನರನ್ನು ಆರಿಸಿದಾಗ ಮಾತ್ರ. ನಿಜದಲ್ಲಿ ನಡೆಯುವುದು ಇಪ್ಪತ್ತು ಹಳ್ಳಿ, ಹಳ್ಳಿಗೆ ಇಪ್ಪತ್ತು ಮನೆ. ಒಂದು ಹಳ್ಳಿಯವರು ಒಂದೇ ಬ್ಯಾಂಕಿಗೆ ಹೋಗುತ್ತಾರೆ, ಒಂದೇ ಡೇರಿಗೆ ಹಾಲು ಹಾಕುತ್ತಾರೆ. ಉತ್ತರವೂ ಒಂದೇ ಥರ. ಹಳ್ಳಿಯೊಳಗಿನ ಸಹಸಂಬಂಧ (ಒಂದೇ ಹಳ್ಳಿಯ ಉತ್ತರಗಳ ಹೋಲಿಕೆಯ ಅಳತೆ) ಬರೀ 0.05 ಇದ್ದರೂ ವಿನ್ಯಾಸ ಪರಿಣಾಮ, ಅಂದರೆ ಸ್ಯಾಂಪಲ್ ಅನ್ನು ಭಾಗಿಸಬೇಕಾದ ಅಂಕಿ, 1 + (20–1)×0.05 = 1.95. ನಾನೂರು ಮನೆಯ ಬೆಲೆ ಸುಮಾರು 205ಕ್ಕೆ ಇಳಿಯಿತು. ಹಳ್ಳಿಗೆ ಹತ್ತು ಮನೆಯಂತೆ ನಲವತ್ತು ಹಳ್ಳಿಗೆ ಹೋದರೆ ಅದೇ ನಾನೂರಕ್ಕೆ 275ರಷ್ಟು ಬೆಲೆ ಬರುತ್ತದೆ. ಬಸ್ ಚಾರ್ಜು ಹೆಚ್ಚಾಗುತ್ತದೆ, ಅಷ್ಟೇ. ಸಂದರ್ಶನ ಆಧರಿಸಿದ ಅಧ್ಯಯನಕ್ಕೆ ಈ ಸೂತ್ರವನ್ನು ಹೇರಬಾರದು. ಆದರೆ ಸ್ವಸಹಾಯ ಸಂಘದ ಅಧ್ಯಕ್ಷೆಯೊಬ್ಬರೇ ತೋರಿಸಿದ ಇಪ್ಪತ್ತೈದು ಮಹಿಳೆಯರನ್ನು ಮಾತಾಡಿಸಿ, ‘ಹೊಸ ಮಾಹಿತಿ ಬರುವುದು ನಿಂತಿತು, ಆದ್ದರಿಂದ ಮುಗಿಸಿದೆ’ ಎಂದರೆ ಒಪ್ಪಬಾರದು. ನಿಂತದ್ದು ಅಧ್ಯಕ್ಷೆಯವರ ಪರಿಚಯದ ವಲಯ.

ಈ ವಿಷಯದಲ್ಲಿ ವಿಜ್ಞಾನಿಗಳಿಗಿಂತ, ಪ್ರತಿಗಳನ್ನು ಹೋಲಿಸಿ ಕೃತಿಯ ಮೂಲರೂಪ ಹುಡುಕುವ ಗ್ರಂಥಸಂಪಾದಕರದು ಹಳೆಯ, ಹೆಚ್ಚು ನಿಷ್ಠುರವಾದ ಶಿಸ್ತು ಎಂದು ನನ್ನ ಅಭಿಪ್ರಾಯ. ಒಂದು ಕಾವ್ಯದ ಐದು ಓಲೆಪ್ರತಿ ಸಿಕ್ಕಿತೆನ್ನಿ. ಒಂದು ಸಾಲಿಗೆ ನಾಲ್ಕರಲ್ಲಿ ಒಂದು ಪಾಠ (ಪದರೂಪ), ಒಂದರಲ್ಲಿ ಇನ್ನೊಂದು. ಬಹುಮತ ನೋಡಿ ತೀರ್ಮಾನಿಸುವಂತಿಲ್ಲ, ಆ ನಾಲ್ಕೂ ಒಂದೇ ಮಾತೃಪ್ರತಿಯ ಮಕ್ಕಳಾಗಿರಬಹುದು. ಆಗ ಸಾಕ್ಷಿ ನಾಲ್ಕಕ್ಕೆ ಒಂದಲ್ಲ, ಒಂದಕ್ಕೆ ಒಂದು. ಈ ನಂಟು ಪತ್ತೆಯಾಗುವುದು ತಪ್ಪುಗಳಿಂದ. ಸರಿಯಾದ ಪಾಠ ಎಲ್ಲರಲ್ಲೂ ಇರುವುದು ಸಹಜ, ಅದರಿಂದ ಏನೂ ತಿಳಿಯದು. ಎರಡು ಸಾಲು ಒಂದೇ ಪದದಲ್ಲಿ ಮುಗಿದಾಗ ಲಿಪಿಕಾರನ ಕಣ್ಣು ಕೆಳಕ್ಕೆ ಜಾರಿ ನಡುವಿನದು ಬಿಟ್ಟುಹೋಗುತ್ತದೆ. ಒಂದೇ ಜಾಗದ ಅಂಥ ಲೋಪ ನಾಲ್ಕು ಪ್ರತಿಗಳಲ್ಲಿದ್ದರೆ ಅವು ಒಂದೇ ಮನೆಯವು ಎಂದು ಶಂಕಿಸಬೇಕು, ಇಂಥವು ಹಲವು ಸಿಕ್ಕರೆ ನಂಬಬೇಕು.

ಪ್ರತಿಗಳಿಗೆ ಹೊರತಾದ ಇನ್ನೊಂದು ಸಾಕ್ಷಿ ಛಂದಸ್ಸು. ಹಳೆಯ ಓಲೆಗಳಲ್ಲಿ ಎ–ಏ, ಒ–ಓ ಭೇದ ತೋರಿಸುವುದಿಲ್ಲ. ‘ಕೊಡು’, ‘ಕೋಡು’ ಎರಡಕ್ಕೂ ಒಂದೇ ಬರಹ. ಕಂದಪದ್ಯದಲ್ಲಿ ಒಂದು ಮತ್ತು ಮೂರನೆಯ ಪಾದಕ್ಕೆ 12 ಮಾತ್ರೆ, ಎರಡು ಮತ್ತು ನಾಲ್ಕಕ್ಕೆ 20. ಪಾದದಲ್ಲಿ ಒಂದು ಮಾತ್ರೆ ಕಡಿಮೆ ಬಿದ್ದರೆ ಎಲ್ಲೋ ದೀರ್ಘ ಅಡಗಿದೆ. ಪೂರ್ವಾರ್ಧ, ಉತ್ತರಾರ್ಧ ಎರಡರಲ್ಲೂ ನಾಲ್ಕು ಮಾತ್ರೆಯ ಗಣಗಳಲ್ಲಿ ಆರನೆಯದು ಜಗಣ (ಲಘು, ಗುರು, ಲಘು) ಇಲ್ಲವೇ ಸರ್ವಲಘು ಆಗಿರಬೇಕು, ಎರಡನೆಯ ಅಕ್ಷರಕ್ಕೆ ಪ್ರಾಸ ಕೂಡಬೇಕು. ಅರ್ಥಕ್ಕೆ ಒಗ್ಗುವ ಎಷ್ಟೋ ಪಾಠಗಳು ಇಲ್ಲೇ ಬಿದ್ದುಹೋಗುತ್ತವೆ. ಒಂದು ಎಚ್ಚರ: ಛಂದಸ್ಸು ಬಾರದ ಲಿಪಿಕಾರನಿಗಿಂತ ಬಲ್ಲವನೇ ಅಪಾಯ. ಮುರಿದ ಪಾದಕ್ಕೆ ತಾನೇ ಮಾತ್ರೆ ಹೊಂದಿಸಿ ತೇಪೆ ಹಾಕಿರುತ್ತಾನೆ, ಗುರುತೇ ಸಿಗುವುದಿಲ್ಲ. ಆದ್ದರಿಂದ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡದ ಸಂಪಾದನೆಯನ್ನು ಸಂಶೋಧನೆ ಎಂದು ಒಪ್ಪಿಕೊಳ್ಳುವುದು ಕಷ್ಟ.

ಹಿಗ್ಸ್ ಕಣದ ಶೋಧದಲ್ಲೂ ಇದೇ ತರ್ಕವಿತ್ತು. ಜಿನೀವಾ ಬಳಿಯ ಕಣಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನಲ್ಲಿ ಅಟ್ಲಾಸ್, ಸಿಎಂಎಸ್ ಎಂಬ ಎರಡು ಶೋಧಕಗಳನ್ನು ಬೇರೆ ತಂಡಗಳು ಬೇರೆ ವಿನ್ಯಾಸದಲ್ಲಿ ಕಟ್ಟಿದವು. 2012ರ ಜುಲೈ 4ರಂದು ಎರಡೂ ಕಡೆಯ ಫಲಿತಾಂಶ ಹೊರಬಿತ್ತು, ಎರಡರಲ್ಲೂ ಅದೇ ಕಣ ಕಂಡಿತ್ತು.

ಗಣಿತದವರ ಮೌನಕ್ಕೂ ಕಾರಣವಿದೆ. n ಎರಡಕ್ಕಿಂತ ದೊಡ್ಡದಿದ್ದಾಗ, ಧನ ಪೂರ್ಣಾಂಕವೊಂದರ n-ನೆಯ ಘಾತವನ್ನು ಅಂಥವೇ ಘಾತಗಳ ಮೊತ್ತವಾಗಿ ಪಡೆಯಲು ಕನಿಷ್ಠ n ಘಾತಗಳನ್ನು ಕೂಡಬೇಕು ಎಂದು ಗಣಿತಜ್ಞ ಆಯ್ಲರ್ 1769ರಲ್ಲಿ ಊಹಿಸಿದ್ದರು. 1966ರಲ್ಲಿ ಲ್ಯಾಂಡರ್ ಮತ್ತು ಪಾರ್ಕಿನ್ 27, 84, 110, 133 ಇವುಗಳ ಐದನೆಯ ಘಾತಗಳ ಮೊತ್ತ 144ರ ಐದನೆಯ ಘಾತಕ್ಕೆ ಸಮ ಎಂದು ತೋರಿಸಿದರು. ನಾಲ್ಕೇ ಘಾತ ಸಾಕಾಯಿತು, ಊಹೆ ಬಿತ್ತು. ಲೇಖನ ಎರಡು ವಾಕ್ಯದ್ದು, ಸ್ಯಾಂಪಲ್ ಒಂದು. ಆದರೆ ಊಹೆಯನ್ನು ಸಾಧಿಸಲು ಹೊರಟವರಿಗೆ ಕೋಟಿ ಉದಾಹರಣೆಯೂ ಸಾಲದು.

ಸಿನಾಪ್ಸಿಸ್ ಬರೆಯುವವರು ‘ಸ್ಯಾಂಪಲ್ ಗಾತ್ರ’ ಎಂಬ ತಲೆಬರಹದಡಿ ಒಂದೇ ಸಂಖ್ಯೆ ಕೊಡುವ ಬದಲು ಮೂರು ಸಂಗತಿ ಬರೆಯಲಿ. ಉಪಚಾರ ಅಥವಾ ಆಯ್ಕೆ ನಡೆಯುವುದು ಯಾವ ಮಟ್ಟದಲ್ಲಿ (ತಾಕು, ಹಳ್ಳಿ, ಫ್ಲಾಸ್ಕು, ಒಂದೇ ಮಾತೃಪ್ರತಿಯ ಕುಲ), ಆ ಮಟ್ಟದಲ್ಲಿ ಎಷ್ಟು ಇವೆ, ಪ್ರತಿಯೊಂದರೊಳಗೆ ಎಷ್ಟು ಅಳತೆ. ಇದನ್ನು ಹೊಲಕ್ಕೆ, ಹಳ್ಳಿಗೆ ಹೋಗುವ ಮುಂಚೆಯೇ ಸಂಖ್ಯಾಶಾಸ್ತ್ರ ವಿಭಾಗದ ಒಬ್ಬರಿಗೆ ತೋರಿಸಬೇಕು. ದತ್ತಾಂಶ ತಂದಮೇಲೆ ಅವರ ಹತ್ತಿರ ಹೋದರೆ, ನಾಲ್ಕು ತಾಕನ್ನು ಎಂಟು ಮಾಡಿಕೊಡುವುದು ಅವರಿಂದಲೂ ಆಗದು.