ಅಂದಾಜಿನ ಹೆಜ್ಜೆಗಳು: ಅವಕಲ ಸಮೀಕರಣಗಳಿಗೆ ಸೂತ್ರ ಸಿಗದಾಗ

1758ರಲ್ಲಿ ಪ್ಯಾರಿಸ್‌ನಲ್ಲಿ ಮೂವರು ತಿಂಗಳುಗಟ್ಟಲೆ ಲೆಕ್ಕ ಹಾಕುತ್ತಾ ಕುಳಿತಿದ್ದರು. ಅಲೆಕ್ಸಿಸ್ ಕ್ಲೆರೋ, ಜೆರೋಮ್ ಲಲಾಂದ್ ಮತ್ತು ನಿಕೋಲ್ ಲೆಪೋಟ್ ಎಂಬ ಆ ಮೂವರಿಗೆ ಬೇಕಿದ್ದದ್ದು ಒಂದೇ ದಿನಾಂಕ: ಹ್ಯಾಲಿ ಧೂಮಕೇತು ಮತ್ತೆ ಸೂರ್ಯನಿಗೆ ಅತಿ ಸಮೀಪ ಬರುವುದು ಯಾವಾಗ? ಗುರು ಮತ್ತು ಶನಿ ಗ್ರಹಗಳ ಸೆಳೆತದಿಂದ ಅದರ ದಾರಿ ಅಲುಗಾಡುವುದರಿಂದ ನೇರ ಸೂತ್ರವೊಂದು ಇರಲಿಲ್ಲ. ದಾರಿಯನ್ನು ತುಂಡು ತುಂಡಾಗಿ ಎಣಿಸಬೇಕಿತ್ತು. 1759ರ ಏಪ್ರಿಲ್ ಮಧ್ಯಭಾಗ, ಒಂದು ತಿಂಗಳು ಆಚೀಚೆ ಆಗಬಹುದು ಎಂದು ಕ್ಲೆರೋ ಸಾರಿದರು. ಧೂಮಕೇತು ಮಾರ್ಚ್ 13ಕ್ಕೇ ಬಂತು. ನನಗೆ ಇಲ್ಲಿ ಹಿಡಿಸುವುದು ದಿನಾಂಕಕ್ಕಿಂತ ಆ ‘ಒಂದು ತಿಂಗಳು ಆಚೀಚೆ’ ಎಂಬ ಮಾತು. ಉತ್ತರದ ಜೊತೆಗೇ ಉತ್ತರ ಎಷ್ಟು ತಪ್ಪಬಹುದು ಎಂದೂ ಹೇಳುವುದು ಉತ್ತರ ಹುಡುಕುವುದಕ್ಕಿಂತ ಕಷ್ಟ.

ಅವಕಲ ಸಮೀಕರಣ ಹೇಳುವುದು ಒಂದು ವಸ್ತು ಈ ಕ್ಷಣದಲ್ಲಿ ಯಾವ ದರದಲ್ಲಿ ಬದಲಾಗುತ್ತಿದೆ ಎಂಬುದನ್ನು ಮಾತ್ರ. ಅದು ಮುಂದೆ ಎಲ್ಲಿರುತ್ತದೆ ಎಂಬುದನ್ನು ನಾವೇ ಕಂಡುಕೊಳ್ಳಬೇಕು. ನ್ಯೂಟನ್ ಮತ್ತು ಲೈಬ್ನಿಟ್ಸ್ ಕಲನಶಾಸ್ತ್ರ ಕಟ್ಟಿದ ನಂತರದ ಉತ್ಸಾಹದಲ್ಲಿ ಜಾಣತನವಿದ್ದರೆ ಸೂತ್ರ ಸಿಕ್ಕೀತು ಎಂಬ ನಂಬಿಕೆಯಿತ್ತು. 1841ರಲ್ಲಿ ಫ್ರೆಂಚ್ ಗಣಿತಜ್ಞ ಲಿಯೂವಿಲ್ ಅದಕ್ಕೆ ತಣ್ಣೀರೆರಚಿದರು. ನೋಡಲು ಸರಳವಾದ ರಿಕಾಟಿ ಸಮೀಕರಣಗಳಲ್ಲೇ (ಬದಲಾವಣೆಯ ದರ ಆ ಪ್ರಮಾಣದ ವರ್ಗವನ್ನೂ ಅವಲಂಬಿಸುವಂಥವು) ಹಲವನ್ನು ಪರಿಚಿತ ಫಲನಗಳಿಂದಲೂ ಅನುಕಲನಗಳಿಂದಲೂ ಬಿಡಿಸಲಾಗದು ಎಂದು ಸಾಧಿಸಿ ತೋರಿಸಿದರು.

ಅಷ್ಟರಲ್ಲಾಗಲೇ ಬೇರೆ ದಾರಿಯೊಂದು ತೆರೆದಿತ್ತು. 1768ರಲ್ಲಿ ಗಣಿತಜ್ಞ ಆಯ್ಲರ್ ಪ್ರಕಟಿಸಿದ ಉಪಾಯ ಮಗುವಿಗೂ ತಿಳಿಯುವಂಥದ್ದು: ಈಗಿನ ಇಳಿಜಾರನ್ನು (ಅಂದರೆ ಬದಲಾವಣೆಯ ದರವನ್ನು) ನೋಡಿ, ಅದೇ ದಿಕ್ಕಿನಲ್ಲಿ ಒಂದು ಪುಟ್ಟ ಹೆಜ್ಜೆ ಇಡಿ, ನಿಂತು ಮತ್ತೆ ಇಳಿಜಾರು ನೋಡಿ. ತನ್ನ ಬೆಲೆಯಷ್ಟೇ ದರದಲ್ಲಿ ಬೆಳೆಯುವ ಸಂಖ್ಯೆಯೊಂದು 1ರಿಂದ ಹೊರಟಿತು ಎನ್ನಿ. ಒಂದು ಘಟಕ ಕಾಲದ ನಂತರ ಅದರ ನಿಜವಾದ ಬೆಲೆ 2.7183. ಹತ್ತು ಹೆಜ್ಜೆಗಳಲ್ಲಿ ಹೋದರೆ ಆಯ್ಲರ್ ವಿಧಾನ ಕೊಡುವುದು 2.5937, ನೂರು ಹೆಜ್ಜೆ ಹಾಕಿದರೆ 2.7048. ದುಡಿಮೆ ಹತ್ತು ಪಟ್ಟು ಹೆಚ್ಚಿದರೆ ತಪ್ಪು ಸುಮಾರು ಹತ್ತನೇ ಒಂದಕ್ಕೆ ಇಳಿಯುತ್ತದೆ. ಕೈಯಲ್ಲಿ ಲೆಕ್ಕ ಹಾಕುವವರಿಗೆ ಇದು ತೀರಾ ದುಬಾರಿ ವ್ಯಾಪಾರ.

ನೆಪ್ಚೂನ್ ಗ್ರಹದ ಇರುವಿಕೆಯನ್ನು ಲೆಕ್ಕದಿಂದ ಊಹಿಸಿದ್ದ ಜಾನ್ ಕೌಚ್ ಆಡಮ್ಸ್ ಹಿಂದಿನ ಹೆಜ್ಜೆಗಳ ನೆನಪನ್ನೂ ಬಳಸಿಕೊಳ್ಳುವ ವಿಧಾನ ರೂಪಿಸಿದರು. ಅದು 1883ರಲ್ಲಿ ಬ್ಯಾಷ್‌ಫೋರ್ತ್ ಅವರ ಪುಸ್ತಕದಲ್ಲಿ ಅಚ್ಚಾಯಿತು. ದ್ರವದ ಹನಿಗಳ ಆಕಾರ ತಿಳಿಯುವುದು ಆ ಪುಸ್ತಕದ ಉದ್ದೇಶ. ಜರ್ಮನಿಯ ಕಾರ್ಲ್ ರುಂಗೆ 1895ರಲ್ಲಿ ಬೇರೆ ಕಡೆಯಿಂದ ಬಂದರು. ಹೆಜ್ಜೆಯ ಆರಂಭದ ಇಳಿಜಾರನ್ನೇ ನಂಬುವ ಬದಲು ನಡುವೆಯೂ ಇಣುಕಿ ನೋಡಬಾರದೇಕೆ? 1901ರಲ್ಲಿ ಕುಟ್ಟಾ ಇದನ್ನು ಹದಗೊಳಿಸಿದರು. ನಾಲ್ಕು ಕಡೆ ಇಳಿಜಾರು ನೋಡಿ, ತೂಕ ಹಾಕಿ ಸರಾಸರಿ ತೆಗೆಯುವ ಈ ವಿಧಾನ ಮೇಲಿನ ಲೆಕ್ಕವನ್ನು ಒಂದೇ ಹೆಜ್ಜೆಯಲ್ಲಿ ಮುಗಿಸಿ 2.7083 ಕೊಡುತ್ತದೆ. ಆಯ್ಲರ್‌ನ ನೂರು ಹೆಜ್ಜೆಗಳಿಗಿಂತ ಇದೇ ನಿಖರ! ಇಂದಿಗೂ ಪಠ್ಯಪುಸ್ತಕಗಳು ಇದನ್ನು ಬಿಡದಿರುವುದರಲ್ಲಿ ಆಶ್ಚರ್ಯವಿಲ್ಲ.

ಹವಾಮಾನಕ್ಕೂ ಇದೇ ಮಾರ್ಗ ಹಿಡಿಯಲು ಹೊರಟವರು ಲೂಯಿಸ್ ಫ್ರೈ ರಿಚರ್ಡ್‌ಸನ್. 1910ರ ಮೇ 20ರ ಅಳತೆಗಳನ್ನು ಹಿಡಿದು ಆರು ಗಂಟೆಗಳ ಮುನ್ಸೂಚನೆ ಲೆಕ್ಕ ಹಾಕಿದಾಗ ವಾಯುಭಾರ 145 ಮಿಲಿಬಾರ್ ಏರಬೇಕೆಂದು ಬಂತು. ವಾಸ್ತವದಲ್ಲಿ ಅದು ಹೆಚ್ಚುಕಡಿಮೆ ಕದಲಿರಲಿಲ್ಲ. ಆ ಸೋಲನ್ನು ಮುಚ್ಚಿಡದೆ 1922ರಲ್ಲಿ ಅವರು ಪ್ರಕಟಿಸಿದರು. 1950ರಲ್ಲಿ ಎನಿಯಾಕ್ ಎಂಬ ಆರಂಭಕಾಲದ ಗಣಕಯಂತ್ರದ ಮೇಲೆ ಚಾರ್ನಿ, ಫಾನ್ ನಾಯ್ಮನ್ ಮತ್ತು ಸಂಗಡಿಗರು ಅದೇ ಕನಸನ್ನು ಸರಳಗೊಳಿಸಿದ ಸಮೀಕರಣದಿಂದ ನನಸಾಗಿಸಿದರು. 24 ಗಂಟೆಗಳ ಮುನ್ಸೂಚನೆಗೆ ಹಿಡಿದದ್ದೂ ಸುಮಾರು 24 ಗಂಟೆಗಳೇ.

ಯಂತ್ರ ಬಂದರೆ ಸಣ್ಣ ಹೆಜ್ಜೆಯ ಬೇಸರ ಕಳೆಯಿತು ಎಂದುಕೊಂಡವರಿಗೆ ಇನ್ನೊಂದು ಪೀಡೆ ಕಾದಿತ್ತು. ತನ್ನ ಬೆಲೆಯ 50 ಪಟ್ಟು ವೇಗದಲ್ಲಿ ಕುಗ್ಗುವ ಪ್ರಮಾಣವನ್ನು 0.1ರ ಹೆಜ್ಜೆಯಲ್ಲಿ ಆಯ್ಲರ್ ವಿಧಾನದಿಂದ ಎಣಿಸಿ ನೋಡಿ: 1, −4, 16, −64. ಸೊನ್ನೆಗೆ ಇಳಿಯಬೇಕಾದದ್ದು ಹುಚ್ಚೆದ್ದು ಕುಣಿಯುತ್ತದೆ. ರಾಸಾಯನಿಕ ಕ್ರಿಯೆಗಳ ಲೆಕ್ಕದಲ್ಲಿ ಇಂಥ ಹಠಮಾರಿ ಸಮೀಕರಣಗಳನ್ನು ಕರ್ಟಿಸ್ ಮತ್ತು ಹರ್ಷ್‌ಫೆಲ್ಡರ್ 1952ರಲ್ಲಿ ಗುರುತಿಸಿದರು. ಮದ್ದು ಹಿಮ್ಮುಖವಾಗಿತ್ತು: ಹೆಜ್ಜೆಯ ಆರಂಭದ ಬದಲು ಕೊನೆಯ ಇಳಿಜಾರನ್ನು ಬಳಸುವುದು. ಆಗ ಅದೇ ಲೆಕ್ಕ ಪ್ರತಿ ಹೆಜ್ಜೆಗೂ ಆರನೇ ಒಂದರಷ್ಟಾಗಿ ಸದ್ದಿಲ್ಲದೆ ಇಳಿಯುತ್ತದೆ. ಇನ್ನೂ ತಲುಪದ ಜಾಗದ ಇಳಿಜಾರು ಬೇಕಾಗುವುದರಿಂದ ಪ್ರತಿ ಹೆಜ್ಜೆಯಲ್ಲೂ ಇನ್ನೊಂದು ಸಮೀಕರಣ ಬಿಡಿಸಬೇಕು. ಅದೇ ಇದರ ಬೆಲೆ.

ಈಗಿನ ತಂತ್ರಾಂಶಗಳಲ್ಲಿ ಬಹಳ ಬಳಕೆಯಲ್ಲಿರುವುದು 1980ರಲ್ಲಿ ಡಾರ್ಮಂಡ್ ಮತ್ತು ಪ್ರಿನ್ಸ್ ಕೊಟ್ಟ ಜೋಡಿ ವಿಧಾನ. ಒಂದೇ ಹೆಜ್ಜೆಯನ್ನು ಎರಡು ನಿಖರತೆಗಳಲ್ಲಿ ಎಣಿಸಿ, ಉತ್ತರಗಳ ವ್ಯತ್ಯಾಸ ನೋಡಿ, ಅದು ಹೆಚ್ಚಾದರೆ ಹೆಜ್ಜೆಯನ್ನು ಕುಗ್ಗಿಸಿ, ಕಡಿಮೆಯಾದರೆ ಹಿಗ್ಗಿಸುತ್ತದೆ. ಬಳಸುವವರು ಒಪ್ಪಬಹುದಾದ ತಪ್ಪಿನ ಮಿತಿಯನ್ನು ಮೊದಲೇ ತಿಳಿಸುತ್ತಾರೆ. ಆದರೆ ಯಂತ್ರ ಪಾಲಿಸುವ ಆ ಮಿತಿ ಒಂದೊಂದು ಹೆಜ್ಜೆಗೆ ಮಾತ್ರ. ಸಾವಿರ ಹೆಜ್ಜೆಗಳ ಕೊನೆಯಲ್ಲಿ ಒಟ್ಟು ಎಷ್ಟು ತಪ್ಪು ಸೇರಿದೆ ಎಂದು ಅದು ಹೇಳುವುದಿಲ್ಲ. ಮಿತಿಯನ್ನು ಬಿಗಿಗೊಳಿಸಿ ಮತ್ತೊಮ್ಮೆ ಲೆಕ್ಕ ಹಾಕಿಸಿ, ಎರಡು ಉತ್ತರಗಳನ್ನು ಹೋಲಿಸುವ ಕೆಲಸ ಮನುಷ್ಯನ ಪಾಲಿಗೇ ಉಳಿದಿದೆ.