ಜಡಿಮಳೆ ಊರಿನ ಕೋಳಿ ಗೂಡು

ತೀರ್ಥಹಳ್ಳಿ ಕಡೆ ಯಾರಾದರೂ ಹಿತ್ತಲಲ್ಲಿ ಹತ್ತು ಕೋಳಿ ಸಾಕೋಣ ಅಂತ ಹೊರಟರೆ ಮೊದಲು ಕೇಳುವುದು ತಳಿಯ ವಿಷಯ. ಗಿರಿರಾಜ ತರಲಾ, ಸ್ವರ್ಣಧಾರ ತರಲಾ, ಊರು ಕೋಳಿಯೇ ಸಾಕಾ? ನಾನು ಹೇಳುವುದು ಇಷ್ಟೇ, ಮೊದಲು ಗೂಡು ಕಟ್ಟಿ. ಅದೂ ಆಷಾಢದ ಮಳೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ಕಟ್ಟಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಬಯಲುಸೀಮೆಯ ಗೂಡನ್ನು ಹಾಗೇ ತಂದು ಇಲ್ಲಿ ನಿಲ್ಲಿಸಿದರೆ ಕೋಳಿ ಉಳಿಯುವುದು ಕಷ್ಟ.

ಇದನ್ನು ನಾನು ಕಲಿತದ್ದು ಮರಿಗಳನ್ನು ಕಳೆದುಕೊಂಡು. ಮೊದಲ ವರ್ಷ ಕೊಟ್ಟಿಗೆಯ ಪಕ್ಕ ನೆಲದ ಮೇಲೇ ಗೂಡು ಮಾಡಿದ್ದೆ. ಪುನರ್ವಸು ಮಳೆ ಜೋರಾಯಿತು, ಇರಚಲು ಹೊಡೆಯುತ್ತದೆ ಅಂತ ನಾಲ್ಕೂ ಕಡೆ ಟಾರ್ಪಾಲ್ ಕಟ್ಟಿದೆ. ವಾರದೊಳಗೆ ಮರಿಗಳು ಸೀನತೊಡಗಿದವು, ಕಣ್ಣಲ್ಲಿ ನೀರು. ಥಂಡಿ ಆಗಿದೆ ಅಂದುಕೊಂಡು ಉಳಿದಿದ್ದ ಸಂದನ್ನೂ ಗೋಣಿಚೀಲದಿಂದ ಮುಚ್ಚಿದೆ. ಹನ್ನೆರಡರಲ್ಲಿ ಆರು ಸತ್ತವು.

ಆಮೇಲೆ ತಿಳಿಯಿತು. ಕೋಳಿ ಬೇರೆಯಾಗಿ ಉಚ್ಚೆ ಹೊಯ್ಯುವುದಿಲ್ಲ. ಹಿಕ್ಕೆಯ ಮೇಲೆ ಬೆಳ್ಳಗೆ ಸುಣ್ಣದ ಹಾಗೆ ಕಾಣುತ್ತದಲ್ಲ, ಅದೇ ಯೂರಿಕ್ ಆಮ್ಲ. ಹಿಕ್ಕೆ ಒಣಗಿದ್ದರೆ ಅದು ಸುಮ್ನೆ ಬಿದ್ದಿರುತ್ತದೆ. ಒದ್ದೆಯಾದರೆ ಬ್ಯಾಕ್ಟೀರಿಯಾ ಅದನ್ನು ಒಡೆದು ಅಮೋನಿಯಾ ಅನಿಲ ಮಾಡುತ್ತವೆ. ಕೋಳಿಯ ಉಸಿರುನಾಳದ ಒಳಗೆ ಸಣ್ಣ ಸಣ್ಣ ರೋಮಗಳಿದ್ದು ಧೂಳು, ರೋಗಾಣುಗಳನ್ನು ಹೊರಗೆ ತಳ್ಳುತ್ತಿರುತ್ತವೆ. ಅಮೋನಿಯಾ ಮೊದಲು ಹಾಳು ಮಾಡುವುದು ಇವನ್ನೇ. ಅಲ್ಲಿಂದ ಮುಂದೆ ಯಾವ ರೋಗಕ್ಕೂ ದಾರಿ ಸಲೀಸು. ಸಾಲದ್ದಕ್ಕೆ, ರಕ್ತಭೇದಿ ತರುವ ಕಾಕ್ಸಿಡಿಯಾ ಅನ್ನುವ ಪರೋಪಜೀವಿಯ ತತ್ತಿ ಬಲಿಯುವುದಕ್ಕೂ ಬೆಚ್ಚಗಿನ ಒದ್ದೆ ನೆಲವೇ ಬೇಕು. ನಾನು ಟಾರ್ಪಾಲ್ ಕಟ್ಟಿ ಎರಡನ್ನೂ ಒದಗಿಸಿಕೊಟ್ಟಿದ್ದೆ.

ಚಳಿಗೆ ಅಷ್ಟು ಹೆದರಬೇಕಾಗಿಲ್ಲ. ಕೋಳಿಯ ಮೈ ಬಿಸಿ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಪುಕ್ಕ ಉಬ್ಬಿಸಿ ಗಾಳಿ ಹಿಡಿದಿಟ್ಟುಕೊಂಡರೆ ನಮ್ಮ ಮಾಘದ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ಪುಕ್ಕ ಒಣಗಿರಬೇಕು. ಎಳೆ ಮರಿಗಳ ಮಾತು ಬೇರೆ, ಮೊದಲ ವಾರ ಅವಕ್ಕೆ 35 ಡಿಗ್ರಿಯಷ್ಟು ಶಾಖ ಬೇಕು, ಆಮೇಲೆ ವಾರವಾರ ಸ್ವಲ್ಪ ಸ್ವಲ್ಪ ಇಳಿಸುತ್ತಾ ಹೋಗಬಹುದು.

ಈಗಿನ ನಮ್ಮ ಗೂಡು ನೆಲದಿಂದ ಎರಡೂವರೆ ಅಡಿ ಮೇಲಿದೆ. ಅಡಿಕೆ ದಬ್ಬೆಯ ನೆಲ, ಮಧ್ಯೆ ಬೆರಳು ದಪ್ಪದ ಸಂದು. ಹಿಕ್ಕೆ ಕೆಳಗೆ ಬೀಳುತ್ತದೆ. ಅಲ್ಲಿ ಭತ್ತದ ಹೊಟ್ಟು ಹರಡಿಟ್ಟು ಆಗಾಗ ತೋಟಕ್ಕೆ ಎಳೆಯುತ್ತೇವೆ. ಮಾಡಿನ ಸೂರನ್ನು ನಾಲ್ಕೂ ಕಡೆ ಎರಡಡಿ ಮುಂದೆ ಚಾಚಿದ್ದರಿಂದ ಇರಚಲು ಒಳಗೆ ಬರುವುದಿಲ್ಲ. ಗೋಡೆಯ ಮೇಲಿನ ಅರ್ಧ ಬರೀ ಜಾಲರಿ, ಬಿಸಿ ಗಾಳಿ, ತೇವ ಎಲ್ಲ ಅಲ್ಲಿಂದ ಹೋಗುತ್ತವೆ. ಕೂರುವ ಗಳ ಜಾಲರಿಗಿಂತ ಕೆಳಗಿರಲಿ, ಮಲಗಿದ ಕೋಳಿಗೆ ನೇರ ಗಾಳಿ ಹೊಡೆಯಬಾರದು. ಮೊಟ್ಟೆ ಇಡುವ ಪೆಟ್ಟಿಗೆ ಗಳಕ್ಕಿಂತಲೂ ಕೆಳಗೆ, ಕತ್ತಲಲ್ಲಿ. ಎತ್ತರದಲ್ಲಿಟ್ಟರೆ ಕೋಳಿ ಅದರಲ್ಲೇ ಮಲಗಿ ಗಲೀಜು ಮಾಡುತ್ತದೆ. ಹಗಲೆಲ್ಲ ಹೊರಗೆ ಬಿಡುವುದಾದರೆ ಹತ್ತು ಕೋಳಿಗೆ ಐದಡಿ, ನಾಲ್ಕಡಿ ಗೂಡು ಸಾಕು. ಜಾಲರಿಗೆ ಮಾತ್ರ ಜಿಪುಣತನ ಮಾಡಬೇಡಿ. ತೆಳು ಕೋಳಿ ಜಾಲರಿಯನ್ನು ಕಾಡುಬೆಕ್ಕು ಕಿತ್ತು ಹಾಕುತ್ತದೆ, ದೊಡ್ಡ ಕಣ್ಣಿನದಾದರೆ ಹಾವು ನುಸುಳುತ್ತದೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಜಾಲರಿ ಹಾಕಿ.

ಇನ್ನು ತಳಿ. ಗಿರಿರಾಜ ಮತ್ತು ಸ್ವರ್ಣಧಾರ ಎರಡೂ ಬೆಂಗಳೂರಿನ ಹೆಬ್ಬಾಳದಲ್ಲಿ, ಹಿತ್ತಲಲ್ಲಿ ಸಾಕುವವರಿಗೆ ಅಂತಲೇ ಬೆಳೆಸಿದ ತಳಿಗಳು. ಗಿರಿರಾಜ ಬೇಗ ತೂಕ ಬರುತ್ತದೆ, ಆದರೆ ಆ ಭಾರಕ್ಕೆ ಓಡಲಾರದು. ಕಾಡಂಚಿನ ಮನೆಗೆ ಇದು ಸಣ್ಣ ವಿಷಯ ಅಲ್ಲ. ಸ್ವರ್ಣಧಾರದ ಮೈ ಹಗುರ, ತಪ್ಪಿಸಿಕೊಳ್ಳುತ್ತದೆ, ಮೊಟ್ಟೆಯೂ ಜಾಸ್ತಿ. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 180ರ ಹತ್ತಿರ ಇಡುತ್ತದೆ. ಊರು ಕೋಳಿ ಐವತ್ತು, ಅರವತ್ತಕ್ಕೆ ನಿಲ್ಲಿಸುತ್ತದೆ. ಯಾಕೆಂದರೆ ಹತ್ತು ಹದಿನೈದು ಮೊಟ್ಟೆ ಇಟ್ಟ ಮೇಲೆ ಅದರ ಮೈಯಲ್ಲಿ ಪ್ರೊಲ್ಯಾಕ್ಟಿನ್ ಹಾರ್ಮೋನು ಏರುತ್ತದೆ, ಮೊಟ್ಟೆ ನಿಲ್ಲುತ್ತದೆ, ಕಾವಿಗೆ ಕೂರುತ್ತದೆ. 21 ದಿನ ಕಾವು, ಆಮೇಲೆ ಮರಿಗಳ ಹಿಂದೆ ಓಡಾಟ. ಹೆಚ್ಚು ಮೊಟ್ಟೆಯ ತಳಿಗಳಲ್ಲಿ ಈ ಗುಣವನ್ನೇ ಕಡಿಮೆ ಮಾಡಿದ್ದಾರೆ, ಹಾಗಾಗಿ ಅವು ಕಾವಿಗೆ ಕೂರುವುದು ಅಪರೂಪ. ನಾನಾದರೆ ಎಂಟು ಸ್ವರ್ಣಧಾರದ ಜೊತೆ ಎರಡು ಊರು ಹೇಂಟೆ ಇಟ್ಟುಕೊಳ್ಳುತ್ತೇನೆ. ಗಿಡುಗನ ನೆರಳು ಬಿದ್ದ ಕೂಡಲೇ ಕೂಗಿ ಎಲ್ಲವನ್ನೂ ಕಾಫಿ ಗಿಡದ ಬುಡಕ್ಕೆ ಓಡಿಸುವುದೂ ನಮ್ಮಲ್ಲಿ ಆ ಹೇಂಟೆಗಳೇ.

ಬೆಳೆದ ಕೋಳಿ ಕೊಳ್ಳುವಾಗ ಕಾಲು ನೋಡಿ. ಸಾಕು ಕೋಳಿಯ ಮೂಲ ಕೆಂಪು ಕಾಡುಕೋಳಿ ಒಂದೇ ಅಂತ ಡಾರ್ವಿನ್ ನಂಬಿದ್ದ. ಆದರೆ ಹಳದಿ ಕಾಲಿನ ಜೀನ್ ಬಂದದ್ದು ಬೂದು ಕಾಡುಕೋಳಿಯಿಂದ ಅಂತ 2008ರಲ್ಲಿ ಗೊತ್ತಾಯಿತು. ಬೆಳಗಿನ ಜಾವ ನಮ್ಮ ಕಾಡಿನಲ್ಲಿ ಕೂಗುತ್ತದಲ್ಲ, ಅದೇ ಕೋಳಿ! ಸೊಪ್ಪು, ಜೋಳದಲ್ಲಿರುವ ಹಳದಿ ಬಣ್ಣವನ್ನು ಚರ್ಮದಲ್ಲಿ ಒಡೆಯದೆ ಉಳಿಸುವುದು ಆ ಜೀನಿನ ಕೆಲಸ. ಹೇಂಟೆ ಮೊಟ್ಟೆ ಇಡತೊಡಗಿದರೆ ಆ ಬಣ್ಣ ಮೊಟ್ಟೆಯ ಹಳದಿಗೆ ಹೋಗಿ ಕಾಲು ನಿಧಾನವಾಗಿ ಬಿಳಿಚುತ್ತದೆ. ಹಳದಿ ಕಾಲಿನ ತಳಿಯಲ್ಲಿ ಕಾಲು ಬಿಳಿಚಿದ, ಆದರೆ ಚುರುಕಾಗಿರುವ ಹೇಂಟೆ ಸಿಕ್ಕರೆ ಬಿಡಬೇಡಿ, ಅದು ಚೆನ್ನಾಗಿ ಮೊಟ್ಟೆ ಇಟ್ಟಿದೆ.

ಮರಿ ತರುವುದಾದರೆ ದೀಪಾವಳಿ ಕಳೆದ ಮೇಲೆ ತನ್ನಿ. ಮೊದಲ ವಾರದಲ್ಲೇ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯ ಹನಿ ಹಾಕಿಸಿ, ಆ ರೋಗ ಬಂದ ಮೇಲೆ ಮದ್ದಿಲ್ಲ. ಮುಂದಿನ ಲಸಿಕೆ ಯಾವಾಗ ಅಂತ ಪಶು ಆಸ್ಪತ್ರೆಯಲ್ಲೇ ಬರೆಸಿಕೊಳ್ಳಿ. ಹೀಗೆ ಮಾಡಿದರೆ ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಅವಕ್ಕೆ ಏಳು ತಿಂಗಳು. ಮೈತುಂಬ ಪುಕ್ಕ ಬಂದಿರುತ್ತದೆ, ಮೊಟ್ಟೆಯೂ ಶುರುವಾಗಿರುತ್ತದೆ. ಮಳೆಗಾಲದಲ್ಲಿ ಸಂಜೆ ಗೂಡಿನ ಬಾಗಿಲು ಹಾಕುವ ಮೊದಲು ಗಳದ ಎತ್ತರಕ್ಕೆ ಬಗ್ಗಿ ಒಮ್ಮೆ ಮೂಸಿ ನೋಡಿ. ಮೂಗಿಗೆ ಘಾಟು ಹೊಡೆದರೆ ಅವತ್ತೇ ಕೆಳಗಿನ ಹೊಟ್ಟು ಬದಲಿಸಿ.